ಬಿಳಿ ಬಣ್ಣದಲ್ಲಿ ಬರೆದ ಆರು

ಜನವರಿ ೯

ಅಪ್ಪನಿಗೆ,

ಮೊದಲು ಕಾರಿನ ವಿಷಯ, ಆಮೇಲೆ ನನ್ನ ವಿಷಯ. ಹಾಗಿದ್ದರೆ ನೀವು ಪೂರ್ತಿ ಓದುತ್ತೀರಿ.

ಕಾರನ್ನು ಮಾರುತ್ತಿದ್ದೇನೆ. ಜಜ್ಜಿಹೋದ ಮುಂಭಾಗವನ್ನು ತಟ್ಟಿಸಿ, ಬಣ್ಣ ಹೊಡೆಸಿ, ನನ್ನ ಬಾಡಿಗೆ ರೂಮಿನ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿ ಏಳು ತಿಂಗಳಾಯಿತು. ಕೊಳ್ಳಲು ಬಂದಿರುವವರು ಒಬ್ಬ ಹಲ್ಲಿನ ಡಾಕ್ಟರು. ಬೆಟ್ಟ ಹತ್ತುವ ರೇಸಿನಲ್ಲಿ ಓಡಿಸಬೇಕೆಂದು ಅವರಿಗೆ ಆಸೆ. ಒಳ್ಳೆಯವರು, ಆದರೆ ಪ್ರಶ್ನೆ ಮುಗಿಯುವುದಿಲ್ಲ. ಬಾಯಿ ತೆರೆದು ಕೂತವರ ಹತ್ತಿರ ಮಾತಾಡಿಯೇ ಅಭ್ಯಾಸ, ಯಾರಾದರೂ ಉತ್ತರ ಕೊಟ್ಟರೆ ಬೆಚ್ಚುತ್ತಾರೆ.

"ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಏನೋ ಕೆಲಸ ಮಾಡಿಸಿದ್ದೀರಂತೆ?" ಅಂತ ಕೇಳಿದರು.

"ನಮ್ಮಪ್ಪ ಮಾಡಿದ್ದು. ತಿರುವಿನಲ್ಲಿ ಚೆನ್ನಾಗಿ ತಿರುಗಲಿ ಅಂತ" ಅಂದೆ.

"ಅದು ಸರಿಯಮ್ಮ, ಏನು ಮಾಡಿದರು ಅಂತ?"

ನಿಮ್ಮ ರಿಪೇರಿ ಬೆಂಚಿನ ಪಕ್ಕದಲ್ಲೇ ಬೆಳೆದವಳು ನಾನು, ಓಡಿಸುವುದು ಗೊತ್ತು, ಹೇಳುವುದು ಗೊತ್ತಿಲ್ಲ. ನೀವೇ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಫೋನಿನಲ್ಲಿ ಕೇಳಿದರೆ "ಹೂಂ, ಊಟ ಆಯ್ತಾ, ತಗೊ ನಿಮ್ಮಮ್ಮ" ಎಂದು ದಾಟಿಸಿಬಿಡುತ್ತೀರಿ.

ಈಗ ನನ್ನ ವಿಷಯ. ಮುರಿದ ಮಣಿಕಟ್ಟು ಕೂಡಿದೆ. ಡ್ರೈವಿಂಗ್ ಸ್ಕೂಲಿನ ಕೆಲಸ ನಡೆಯುತ್ತಿದೆ. ಕಲಿಸುವ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದರೆ ಒತ್ತಿಬಿಡುತ್ತೇನೆ. ನಗಬೇಡಿ.

ನಿಮ್ಮ,
ಬುಗುರಿ

*

ಜನವರಿ ೧೭

ಬುಗುರಿ,

ಕಾಗದ ಬಂತು. ಕಾರು ಮಾರುತ್ತೀಯ ಎಂಬ ಸಾಲನ್ನು ನಿಮ್ಮಮ್ಮ ನನ್ನಿಂದ ಎರಡು ಸಲ ಓದಿಸಿದಳು.

ಡಾಕ್ಟರಿಗೆ ಹೀಗೆ ಹೇಳು. ಕಾರು ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ನಾನೂ ನಿಮ್ಮಮ್ಮನೂ ಕೈ ಹಿಡಿದುಕೊಂಡು ಬೀದಿಯ ಮೂಲೆ ತಿರುಗಿದ ಹಾಗೆ. ಒಳಗಿರುವ ನಾನು ಪುಟ್ಟ ಹೆಜ್ಜೆ ಇಡುತ್ತೇನೆ, ಹೊರಗಿರುವ ಅವಳು ದೊಡ್ಡ ಹೆಜ್ಜೆ. ಚಕ್ರಗಳಿಗೆ ಈ ಅನುಕೂಲ ಮಾಡಿಕೊಡುವ ಪೆಟ್ಟಿಗೆಯೇ ಡಿಫರೆನ್ಷಿಯಲ್. ಆದರೆ ಮಾಮೂಲಿ ಡಿಫರೆನ್ಷಿಯಲ್‌ಗೆ ಒಂದು ಪೆದ್ದುತನವಿದೆ. ಜೋರಾಗಿ ತಿರುಗುವಾಗ ಭಾರವೆಲ್ಲ ಹೊರಕ್ಕೆ ವಾಲಿ ಒಳಗಿನ ಚಕ್ರ ಹಗುರಾಗುತ್ತದಲ್ಲ, ಇಂಜಿನ್ನಿನ ಶಕ್ತಿ ಆ ಹಗುರಾದ ಚಕ್ರಕ್ಕೇ ಹರಿದುಹೋಗುತ್ತದೆ. ಅದು ನಿಂತಲ್ಲೇ ಗಿರ್ರನೆ ಸುತ್ತುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ.

ಅದಕ್ಕೇ ಲಿಮಿಟೆಡ್ ಸ್ಲಿಪ್ ಎಂಬುದು. ಪೆಟ್ಟಿಗೆಯೊಳಗೆ ತೆಳು ಪ್ಲೇಟುಗಳ ಒಂದು ಕಟ್ಟು ಇರುತ್ತದೆ, ಅದನ್ನು ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಒಂದು ಚಕ್ರ ತನ್ನ ಪಾಡಿಗೆ ಜಾರಲು ಹೊರಟರೆ ಪ್ಲೇಟುಗಳು ಒಂದನ್ನೊಂದು ಕಚ್ಚಿ ಹಿಡಿದು "ಎಲ್ಲಿಗೆ ಹೊರಟೆ, ಇವನನ್ನೂ ಕರಕೊಂಡು ಹೋಗು" ಅನ್ನುತ್ತವೆ. ನಾನು ಹಳೆಯ ಪ್ಲೇಟು ತೆಗೆದು ಹೊಸದು ಹಾಕಿದೆ. ಆಕ್ಸಿಲರೇಟರಿಗೆ ಕಾಲು ಕೊಟ್ಟಾಗ ಹಿಡಿತ ಹೆಚ್ಚಾಗಿ, ಕಾಲು ತೆಗೆದಾಗ ಕಡಿಮೆಯಾಗುವಂತೆ, ಪ್ಲೇಟುಗಳನ್ನು ಒತ್ತುವ ಒಳಗಿನ ಇಳಿಜಾರು ಅಂಚುಗಳನ್ನು ತಿದ್ದಿದೆ. ಕೊನೆಗೆ ಸ್ಪ್ರಿಂಗಿನ ಹಿಂದೆ ಕಾಗದದಷ್ಟು ತೆಳುವಾದ ಉಕ್ಕಿನ ಉಂಗುರಗಳನ್ನು ಇಟ್ಟು ಬಿಗಿಯನ್ನು ಹೊಂದಿಸಿದೆ. ಉಂಗುರ ಹೆಚ್ಚಿದಷ್ಟೂ ಬಿಗಿ. ಬಿಗಿ ಸಾಲದಿದ್ದರೆ ಒಳಚಕ್ರ ಜಾರುತ್ತದೆ. ಅತಿಯಾದರೆ ಎರಡು ಚಕ್ರವೂ ಸರಿಸಮ ಓಡಿ, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ಮಾತು ಕೇಳದೆ ನೇರ ಹೋಗುತ್ತದೆ.

ಇಷ್ಟು ಸಾಕು ಅನ್ನಿಸುತ್ತದೆ. ಚಳಿಗೆ ಕಿವಿ ಮುಚ್ಚಿಕೊ.

ಅಪ್ಪ

(ಅಂಚಿನಲ್ಲಿ, ಬೇರೆ ಕೈಬರಹ: ಮೂಲೆ ತಿರುಗುವಾಗ ನನ್ನ ಕೈಯನ್ನು ಇಕ್ಕಳದ ಹಾಗೆ ಹಿಡಿಯುತ್ತಾರೆ, ಅದನ್ನು ಬರೆದಿಲ್ಲ. ಅಮ್ಮ.)

*

ಜನವರಿ ೨೮

ಅಪ್ಪ,

ಡಾಕ್ಟರಿಗೆ ನಿಮ್ಮ ಕಾಗದ ಓದಿ ಹೇಳಿದೆ. ಖುಷಿಯಾಗಿ ಅದರ ಒಂದು ನಕಲು ಬೇಕೆಂದರು, ಅಮ್ಮನ ಸಾಲನ್ನೂ ಸೇರಿಸಿ. ಆಮೇಲೆ "ಹಾಗಾದರೆ ಇದರ ಬಿಗಿ ಎಷ್ಟು?" ಎಂದು ಕೇಳಿದರು. ನೀವು ಬರೆದಿರಲಿಲ್ಲ. ಆದರೆ ಪೆಟ್ಟಿಗೆಯ ಮೇಲೇ ಬಿಳಿ ಬಣ್ಣದಲ್ಲಿ ಇದೆಯಲ್ಲ. "ಆರು" ಅಂದೆ. "ಸರಿಯಾಗಿ ಗೊತ್ತಾ?" ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. "ನಮ್ಮಪ್ಪನ ಬೆಂಚಿನಿಂದ ಹೊರಟ ಪೆಟ್ಟಿಗೆಯ ಮೇಲೆ ಸಂಖ್ಯೆ ಬರೆದಿದ್ದರೆ ಅದು ಅಳೆದ ಸಂಖ್ಯೆ. ನಲವತ್ತು ವರ್ಷದಿಂದ ಹಾಗೇ" ಅಂದೆ.

ಯಾಕೆ ಮಾರುತ್ತೀಯ ಎಂದು ನೀವು ಕೇಳಲಿಲ್ಲ. ಅಮ್ಮ ಕೇಳಿದರೂ ಅವಳಿಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ನಾನು ಬೆಟ್ಟದ ರೇಸಿಗೆ ಇಳಿದ ಮೊದಲನೇ ವರ್ಷ ಮೂರನೇ ತಿರುವಿನಲ್ಲಿ ಕಾರು ಸುತ್ತು ಹೊಡೆಯಿತು. ಅದು ನನ್ನ ಅವಸರ, ಕಾಲು ಬೇಗ ಕೊಟ್ಟೆ. ತಪ್ಪು ಗೊತ್ತಿತ್ತು, ಮಧ್ಯಾಹ್ನದ ಓಟದಲ್ಲಿ ತಿದ್ದಿಕೊಂಡೆ. ಕಳೆದ ವರ್ಷ ಅದೇ ತಿರುವಿನಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದೆ ಅಂದುಕೊಂಡಿದ್ದೆ. ತಿರುಗಿಸಿದೆ, ತಿರುಗಲಿಲ್ಲ. ನೇರ ಹೋಗಿ ಮಣ್ಣಿನ ದಿಬ್ಬಕ್ಕೆ ಗುದ್ದಿತು. ಎರಡು ವರ್ಷವೂ ಕಾರಿನ ಬಿಗಿ ಆರೇ. ಕಾರು ಬದಲಾಗಿಲ್ಲ ಅಂದಮೇಲೆ ಕೈ ಬದಲಾಗಿದೆ. ಏನು ತಪ್ಪು ಮಾಡಿದೆ ಎಂದು ಗೊತ್ತಾದರೆ ತಿದ್ದಿಕೊಳ್ಳಬಹುದು, ಅಪ್ಪ. ಗೊತ್ತೇ ಆಗದಿದ್ದರೆ ಆ ಸೀಟಿನಲ್ಲಿ ಕೂರಬಾರದು.

ಫೆಬ್ರವರಿ ಇಪ್ಪತ್ತಕ್ಕೆ ಡಾಕ್ಟರು ಬಂದು ಕಾರು ತೆಗೆದುಕೊಂಡು ಹೋಗುತ್ತಾರೆ.

ಬುಗುರಿ

*

ಫೆಬ್ರವರಿ ೫

ಬುಗುರಿ,

ಈ ಕಾಗದದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಒಳಗಿರುವುದು ನನ್ನ ಸ್ಪ್ರಿಂಗ್ ತಕ್ಕಡಿ, ಮತ್ತೆ ಒಂದು ಮೀಟರ್ ಉದ್ದದ ಸಲಾಕೆ. ಅದರ ತುದಿಗೆ ಚಕ್ರದ ಬೋಲ್ಟಿಗೆ ಕೂರುವ ಪಟ್ಟಿ ಬೆಸೆದಿದ್ದೇನೆ. ಕಾರು ಕೊಡುವುದಕ್ಕೆ ಮುಂಚೆ ನೀನೇ ಒಂದು ಸಲ ಬಿಗಿ ಅಳೆ.

ಹಿಂದಿನ ಒಂದು ಚಕ್ರ ಮಾತ್ರ ಜಾಕಿ ಹಾಕಿ ಎತ್ತು. ನೆಲದಲ್ಲಿರುವ ಇನ್ನೊಂದು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಎತ್ತಿದ ಚಕ್ರ ಬಿಚ್ಚಿ ಪಟ್ಟಿಯನ್ನು ಬೋಲ್ಟಿಗೆ ಕೂರಿಸು. ಸಲಾಕೆ ನೆಟ್ಟಗೆ ಮೇಲಕ್ಕೆ ನಿಂತಿರಲಿ. ಅಡ್ಡ ಇಟ್ಟರೆ ಸಲಾಕೆಯ ತೂಕವೂ ಲೆಕ್ಕಕ್ಕೆ ಸೇರಿ ನಿನಗೆ ಮೋಸವಾಗುತ್ತದೆ. ಅದರ ಮೇಲ್ತುದಿಗೆ ತಕ್ಕಡಿಯ ಕೊಕ್ಕೆ ಹಾಕಿ ಕಾರಿನ ಮೂತಿಯ ಕಡೆಗೆ ನಿಧಾನವಾಗಿ ಎಳೆ. ಅಲುಗದೆ ಹಟ ಹಿಡಿದು, ಒಂದು ಕ್ಷಣದಲ್ಲಿ ಬಿಟ್ಟುಕೊಡುತ್ತದೆ. ಬಿಟ್ಟುಕೊಡುವ ಹೊತ್ತಿಗೆ ಮುಳ್ಳು ಎಷ್ಟು ಕಿಲೋ ತೋರಿಸುತ್ತದೋ ಅದೇ ಬಿಗಿ. ಒಂದು ಸಲಕ್ಕೆ ನಂಬಬೇಡ, ಮೂರು ಸಲ ಎಳೆ.

ಡಾಕ್ಟರು ಎದುರಿಗಿರುವುದು ಬೇಡ. ಒಬ್ಬಳೇ ಅಳೆ.

ಬಂದ ಸಂಖ್ಯೆಯನ್ನು ನನಗೆ ಬರೆ. ಬರೆಯಲು ಮನಸ್ಸಾಗದಿದ್ದರೂ ನನಗೆ ಅರ್ಥವಾಗುತ್ತದೆ.

ಅಪ್ಪ

*

ಮಾರ್ಚ್ ೧೨

ಮಗಳೇ,

ಅಮ್ಮ ಬರೆಯುವ ಕಾಗದ. ಅಕ್ಷರ ನೋಡಿ ನಗಬೇಡ, ಅಂಚಿನಲ್ಲಿ ಬರೆದೇ ಅಭ್ಯಾಸ, ಇಡೀ ಹಾಳೆ ಕೊಟ್ಟರೆ ಎಲ್ಲಿಂದ ಶುರುಮಾಡಬೇಕೋ ತಿಳಿಯುವುದಿಲ್ಲ.

ಐದು ವಾರದಿಂದ ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ನನ್ನ ಹತ್ತಿರ ಮಾತಾಡುತ್ತೀಯ, "ಅಪ್ಪನಿಗೆ ಕೊಡಲಾ" ಅಂದರೆ ಪಾಠಕ್ಕೆ ಹೊತ್ತಾಯಿತು ಅನ್ನುತ್ತೀಯ. ರಾತ್ರಿ ಒಂಬತ್ತೂವರೆಗೆ ಯಾರಮ್ಮ ಕಾರು ಕಲಿಯುವವರು?

ನಿಮ್ಮಪ್ಪ ಬಿಳಿ ಬಣ್ಣದ ಡಬ್ಬಿಯನ್ನು ಬೆಂಚಿನಿಂದ ತೆಗೆದು ಅಟ್ಟದ ಮೇಲಿಟ್ಟಿದ್ದಾರೆ. ಹೋದ ವಾರ ಲಾರಿಯವನು ಒಂದು ಪೆಟ್ಟಿಗೆ ರಿಪೇರಿಗೆ ಕೊಟ್ಟಿದ್ದ. ಮುಗಿಸಿ, ಅಳೆದು, ಸಂಖ್ಯೆ ಬರೆಯದೆ ಹಾಗೇ ಕೊಟ್ಟರು. "ನಂಬರ್ ಎಲ್ಲಿ ಯಜಮಾನ್ರೆ?" ಅಂದ ಅವನು. "ನೀನೇ ಅಳಕೋ" ಅಂದುಬಿಟ್ಟರು. ಅವನು ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ನಿಮ್ಮಿಬ್ಬರ ನಡುವೆ ಏನಾಗಿದೆ ಎಂದು ನಾನು ಕೇಳುವುದಿಲ್ಲ. ಬೈಯುವುದಿದ್ದರೆ ಬೈದು ಬರೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಮುದುಕ ಗೇಟಿನ ಹತ್ತಿರ ತುಕ್ಕು ಕೆರೆಯುತ್ತ ನಿಲ್ಲುತ್ತಾರೆ. ಗೇಟಿನಲ್ಲಿ ಇನ್ನು ಕೆರೆಯಲು ತುಕ್ಕು ಉಳಿದಿಲ್ಲ.

ಅಮ್ಮ

*

ಮಾರ್ಚ್ ೨೦

ಅಪ್ಪ,

ಹನ್ನೊಂದು.

ನೀವು ಹೇಳಿದ ಹಾಗೆ ಮೂರು ಸಲ ಎಳೆದೆ. ಆಮೇಲೆ ಇನ್ನೂ ನಾಲ್ಕು ಸಲ ಎಳೆದೆ. ತಕ್ಕಡಿ ಕೆಟ್ಟಿರಬಹುದೆಂದು ಅಂಗಡಿಯ ಐದು ಕಿಲೋ ಕಲ್ಲು ತಂದು ನೇತುಹಾಕಿ ನೋಡಿದೆ. ಐದೇ ತೋರಿಸಿತು. ನಿಮ್ಮ ತಕ್ಕಡಿ ಸುಳ್ಳು ಹೇಳುವುದಿಲ್ಲ.

ಕಾರು ಕೊಡಲಿಲ್ಲ. ಇನ್ನೂ ಅಳತೆ ಮುಗಿದಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಅವರು ಒಳಗೊಳಗೇ ನಿರಾಳವಾದರು, ಹೆಂಡತಿಗೆ ಇನ್ನೂ ವಿಷಯ ಹೇಳಿರಲಿಲ್ಲವಂತೆ.

ಆಸ್ಪತ್ರೆಯಲ್ಲಿ ನಿಮ್ಮನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. ಹತ್ತು ತಿಂಗಳು, ಅಪ್ಪ. ದಿನಾ ಬೆಳಗ್ಗೆ ಎದ್ದು ಈ ಕೈಯನ್ನು ನೋಡಿಕೊಂಡಿದ್ದೇನೆ, ಇದಕ್ಕೆ ಏನಾಯಿತು ಎಂದು.

ಯಾಕೆ ಎಂದು ಬರೆಯಿರಿ. ಸುತ್ತಿ ಬಳಸಿ ಬರೆಯಬೇಡಿ.

ಬುಗುರಿ

*

ಮಾರ್ಚ್ ೨೭

ಬುಗುರಿ,

ಬರೆಯುತ್ತೇನೆ.

ಮೊದಲನೇ ವರ್ಷ ನಾನು ಮೂರನೇ ತಿರುವಿನ ಹಗ್ಗದ ಹತ್ತಿರ ನಿಂತಿದ್ದೆ, ಕೈಯಲ್ಲಿ ಚಹಾದ ಫ್ಲಾಸ್ಕು. ನಿನ್ನ ಕಾರು ಎರಡು ಸುತ್ತು ಹೊಡೆದು, ಹಿಂದಿನ ಚಕ್ರ ಇಳಿಜಾರಿನ ಅಂಚಿಗೆ ಒಂದು ಗೇಣು ಉಳಿದಾಗ ನಿಂತಿತು. ಸಣ್ಣ ಕಲ್ಲುಗಳು ಕೆಳಗೆ ಉರುಳಿದವು. ಉರುಳುವ ಸದ್ದು ಬಹಳ ಹೊತ್ತು ಕೇಳಿತು. ನೀನು ಕಿಟಕಿಯಿಂದ ಹೆಬ್ಬೆರಳು ತೋರಿಸಿ ನಕ್ಕೆ, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಫ್ಲಾಸ್ಕಿನ ಮುಚ್ಚಳ ಹುಡುಕಿದೆ. ಅದು ನನ್ನ ಮುಷ್ಟಿಯಲ್ಲೇ ಇತ್ತು. ಚಹಾ ಎಲ್ಲ ನನ್ನ ಬೂಟಿನೊಳಗೆ ಸುರಿದಿತ್ತು. ಕಾಲು ಸುಟ್ಟದ್ದು ಮನೆಗೆ ಬಂದಮೇಲೆ ನಿಮ್ಮಮ್ಮ ಹೇಳಿ ಗೊತ್ತಾಯಿತು.

ಮರುವರ್ಷ ನೀನು ಪೆಟ್ಟಿಗೆಯನ್ನು ಪ್ಲೇಟು ಬದಲಿಸಲು ಕಳಿಸಿದೆ. ನಾನು ಆರಕ್ಕೆ ಹೊಂದಿಸಿದೆ, ಅಳೆದೆ, ಆರು ಎಂದು ಬರೆದೆ. ಬರೆದ ದಿನ ಅದು ನಿಜವೇ ಆಗಿತ್ತು. ಬಣ್ಣ ಒಣಗಲಿ ಎಂದು ಇಟ್ಟೆ. ಮಾರನೆಯ ಬೆಳಗ್ಗೆ ಕಟ್ಟಿ ಕಳಿಸಲು ಹೋದವನು, ಮತ್ತೆ ಬಿಚ್ಚಿದೆ. ಸ್ಪ್ರಿಂಗಿನ ಹಿಂದೆ ಇನ್ನೆರಡು ಉಂಗುರ ಇಟ್ಟೆ. ಹನ್ನೊಂದಾಯಿತು. ಹನ್ನೊಂದಿದ್ದರೆ ಕಾರು ಸುತ್ತು ಹೊಡೆಯುವುದಿಲ್ಲ, ಬಹಳ ಎಂದರೆ ನೇರ ಹೋಗುತ್ತದೆ. ಆ ತಿರುವಿನಲ್ಲಿ ನೇರಕ್ಕೆ ಮಣ್ಣಿನ ದಿಬ್ಬ, ಪಕ್ಕಕ್ಕೆ ಇಳಿಜಾರು. ದಿಬ್ಬವೇ ವಾಸಿ ಅಂದುಕೊಂಡೆ. ನನ್ನ ಮಗಳು ಎಷ್ಟು ಜೋರಾಗಿ ಬರುತ್ತಾಳೆ ಎನ್ನುವುದನ್ನು ಮಾತ್ರ ಅಳೆಯಲಿಲ್ಲ.

ಸಂಖ್ಯೆ ತಿದ್ದಲು ಕುಂಚ ಕೈಗೆ ತಗೊಂಡೆ. ತಿದ್ದಿದ್ದರೆ ನೀನು ಕೇಳುತ್ತಿದ್ದೆ. ಕೇಳಿದ್ದರೆ ಹೇಳಬೇಕಿತ್ತು. ಹೇಳಿದ್ದರೆ ನೀನು "ತೆಗೀರಿ ಅಪ್ಪ" ಅನ್ನುತ್ತಿದ್ದೆ, ನಾನು ತೆಗೆಯಬೇಕಿತ್ತು. ಕುಂಚ ತೊಳೆದು ಇಟ್ಟೆ.

ಆಸ್ಪತ್ರೆಯಲ್ಲಿ ನೀನು "ಅಪ್ಪ, ಆರೇ ತಾನೆ?" ಅಂದೆ. ನಿನ್ನ ಕೈಗೆ ಆಗಷ್ಟೇ ಪಟ್ಟಿ ಕಟ್ಟಿದ್ದರು. ನಾನು "ಆರೇ" ಅಂದೆ. ನೀನು ಗೋಡೆಯ ಕಡೆ ತಿರುಗಿ "ಹಾಗಾದ್ರೆ ಕೈಯದೇ ತಪ್ಪು" ಅಂದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ನೀನು ಇನ್ನು ಓಡಿಸುವುದಿಲ್ಲ ಎಂದು ಹೇಳಿದಾಗ ನನಗೆ ಒಂದು ಕಡೆ ಸಮಾಧಾನವೂ ಆಯಿತು. ಅದನ್ನೂ ಬರೆದುಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ.

ನಾನು ಎರಡನೇ ವರ್ಷವೂ ಅಲ್ಲೇ ನಿಂತಿದ್ದೆ. ನೀನು ಸರಿಯಾದ ಜಾಗದಲ್ಲಿ ತಿರುಗಿಸಿದೆ. ಮುಂದಿನ ಚಕ್ರಗಳು ತಿರುಗಿದ್ದನ್ನು ಕಣ್ಣಾರೆ ಕಂಡೆ. ಹಿಂದಿನವು ಒಪ್ಪಲಿಲ್ಲ. ನಿನ್ನ ಕೈ ಸರಿಯಿತ್ತು.

ಅಪ್ಪ

*

ಏಪ್ರಿಲ್ ೮

ಅಪ್ಪ,

ಬಸ್ಸಿನ ಪಾರ್ಸೆಲ್‌ನಲ್ಲಿ ಪೆಟ್ಟಿಗೆ ಬರುತ್ತದೆ. ಎರಡು ದಿನ ಕಾರಿನ ಕೆಳಗೆ ಮಲಗಿ ನಾನೇ ಬಿಚ್ಚಿದೆ. ಕಂಡಕ್ಟರ್ ಎತ್ತಲು ಹೋಗಿ "ಏನ್ ತಾಯಿ ಇದರೊಳಗೆ?" ಅಂದ. "ಕಾಗದ" ಅಂದೆ.

ಕೋಪ ಇದೆ. ಇಲ್ಲ ಎಂದು ಬರೆದರೆ ಅದೂ ಅಳೆಯದ ಸಂಖ್ಯೆ ಬರೆದ ಹಾಗೆ. ಆದರೆ ಮೊನ್ನೆ ಒಂದು ವಿಷಯ ನಡೆಯಿತು, ಹೇಳುತ್ತೇನೆ. ನನ್ನ ಹತ್ತಿರ ಕಲಿಯಲು ಒಬ್ಬ ರಿಟೈರ್ಡ್ ಟೀಚರ್ ಬರುತ್ತಾರೆ. ಅವರು ಸೇತುವೆಯ ತಿರುವಿಗೆ ಬರುವಷ್ಟರಲ್ಲಿ ನಾನು ಬ್ರೇಕ್ ಒತ್ತಿದೆ. ಅವರು ಕಾರು ಪಕ್ಕಕ್ಕೆ ನಿಲ್ಲಿಸಿ, ಕನ್ನಡಕ ತೆಗೆದು, "ನಾನು ತಪ್ಪು ಮಾಡಿದ್ನಾ?" ಅಂತ ಕೇಳಿದರು.

"ಇಲ್ಲ ಮೇಡಂ."

"ಮತ್ತೆ ಯಾಕೆ ಒತ್ತಿದೆ?"

"ಹೆದರಿಕೆ ಆಯ್ತು."

"ನಿನಗೆ ಹೆದರಿಕೆ ಆದಾಗಲೆಲ್ಲ ನಾನು ನಿಂತರೆ, ನಾನು ಕಲಿಯೋದು ಯಾವಾಗಮ್ಮ?"

ರೂಮಿಗೆ ಬಂದು ನಿಮ್ಮ ಕಾಗದವನ್ನು ಇನ್ನೊಂದು ಸಲ ಓದಿದೆ.

ರೇಸು ಮೇ ಹದಿನೆಂಟಕ್ಕೆ. ಹೆಸರು ಕೊಟ್ಟಿದ್ದೇನೆ. ಪೆಟ್ಟಿಗೆಯನ್ನು ಆರಕ್ಕೆ ಹೊಂದಿಸಿ. ಮೇಲೆ ಏನೂ ಬರೆಯಬೇಡಿ. ಅಳೆದು ನಾನೇ ಬರೆಯುತ್ತೇನೆ.

ಬುಗುರಿ

*

ಏಪ್ರಿಲ್ ೨೪

ಬುಗುರಿ,

ಪೆಟ್ಟಿಗೆ ಕಳಿಸಿದ್ದೇನೆ. ಹಳೆಯ ಆರನ್ನು ಕೆರೆದು ತೆಗೆದೆ, ಗೇಟಿನ ಮೇಲೆ ಕೈ ಪಳಗಿತ್ತು. ಹೊಸದಾಗಿ ಏನೂ ಬರೆದಿಲ್ಲ. ಹೊರತೆಗೆದ ಎರಡು ಉಂಗುರಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಜೊತೆಗಿಟ್ಟಿದ್ದೇನೆ, ಅವು ಒಳಗಿಲ್ಲ ಎಂದು ನಿನಗೆ ಗೊತ್ತಿರಲಿ. ಬಣ್ಣದ ಡಬ್ಬಿಯೂ ಕುಂಚವೂ ಅದರಲ್ಲೇ ಇವೆ. ಡಬ್ಬಿಯನ್ನು ಚೆನ್ನಾಗಿ ಕಲಕು, ತಳದಲ್ಲಿ ಗಟ್ಟಿಯಾಗಿರುತ್ತದೆ.

ಹೊಸ ಎಣ್ಣೆ ಹಾಕಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಅರ್ಧ ಗಂಟೆ ಓಡಿಸು. ಪ್ಲೇಟುಗಳು ಒಂದಕ್ಕೊಂದು ಪರಿಚಯವಾಗಲಿ.

ರೇಸಿಗೆ ನಾನು ಬರುವುದಿಲ್ಲ. ಮೊಣಕಾಲು ನೋವು.

ಅಪ್ಪ

(ಅಂಚಿನಲ್ಲಿ: ಮೊಣಕಾಲಿಗೆ ಏನೂ ಆಗಿಲ್ಲ. ಅಮ್ಮ.)

*

ಮೇ ೨೦

ಅಪ್ಪ,

ಅಳೆದೆ. ಮೂರು ಸಲವೂ ಆರು. ಬರೆದೆ. ನನ್ನ ಆರು ಕೊಳದಲ್ಲಿ ಕೂತ ಬಾತುಕೋಳಿಯ ಹಾಗಿದೆ, ನಿಮ್ಮಷ್ಟು ಚೆನ್ನಾಗಿ ಬರಲಿಲ್ಲ.

ಮೂರನೇ ತಿರುವಿಗೆ ಬಂದಾಗ ಮಣಿಕಟ್ಟು ತಾನಾಗಿಯೇ ಸೆಟೆಯಿತು. ಕಾಲು ಬ್ರೇಕನ್ನು ಇನ್ನಷ್ಟು ಒತ್ತು ಅಂತಿತ್ತು. ತಿರುಗಿಸಿದೆ. ಮೂತಿ ಒಳಕ್ಕೆ ಬಂತು, ಅಪ್ಪ, ಕರೆದ ತಕ್ಷಣ ಬರುವ ನಾಯಿಯ ಹಾಗೆ. ಕಾಲು ಕೊಟ್ಟೆ. ಹಿಂಭಾಗ ಒಂದಿಷ್ಟು ಜಾರಿತು. ಪ್ಲೇಟುಗಳು ಹಿಡಿದದ್ದು ಸೊಂಟಕ್ಕೆ ಗೊತ್ತಾಯಿತು. ಎರಡು ಚಕ್ರವೂ ಸೇರಿ ತಳ್ಳಿದವು. ಹೆಲ್ಮೆಟ್ಟಿನೊಳಗೆ ನಾನು ಜೋರಾಗಿ ನಗುತ್ತಿದ್ದೆ.

ನಾಲ್ಕನೆಯವಳಾಗಿ ಬಂದೆ. ಡಾಕ್ಟರು ನೋಡಲು ಬಂದಿದ್ದರು, ಮೊದಲ ತಿರುವನ್ನು ನೋಡಿದ ಮೇಲೆ ಹೆಂಡತಿಗೆ ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಅಂದರು.

ಆ ಎರಡು ಉಂಗುರಗಳನ್ನು ಡ್ರೈವಿಂಗ್ ಸ್ಕೂಲಿನ ಕಾರಿನ ಕನ್ನಡಿಗೆ ಕಟ್ಟಿದ್ದೇನೆ. ಬ್ರೇಕಿನ ಮೇಲೆ ಕಾಲಿಡಲು ಹೋದಾಗ ಕಣ್ಣಿಗೆ ಬೀಳುತ್ತವೆ. ಟೀಚರ್ ಮೊನ್ನೆ ಸೇತುವೆ ದಾಟಿದರು. ಗಂಟೆಗೆ ನಲವತ್ತರಲ್ಲಿ.

ನನ್ನ ಕೋಪ ಹನ್ನೊಂದಿತ್ತು, ಈಗ ಇಳಿದಿದೆ. ಎಷ್ಟಕ್ಕೆ ಎಂದು ಅಳೆದು ತಿಳಿಸುತ್ತೇನೆ.

ಇನ್ನೊಂದು ಮಾತು. ಮೊಣಕಾಲು ನೋವಿನವರನ್ನು ನಾನು ಮೂರನೇ ತಿರುವಿನಲ್ಲಿ ನೋಡಿದೆ. ತಿರುವಿನಲ್ಲಿ ಕಾರು ನಿಧಾನವಾಗುತ್ತದಲ್ಲ, ಅಷ್ಟು ಹೊತ್ತು ಸಾಕಾಯಿತು. ಹಗ್ಗದ ಉದ್ದಕ್ಕೂ ಜನ ಕಣ್ಣರಳಿಸಿ ನಿಂತಿದ್ದರು. ನಡುವೆ ಒಬ್ಬರೇ ಒಬ್ಬರು, ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಪಕ್ಕದಲ್ಲಿ ಅಮ್ಮ ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನಾನು ಮೇಲಿಂದ ಇಳಿದು ಬರುವಷ್ಟರಲ್ಲಿ ಇಬ್ಬರೂ ಬಸ್ಸು ಹತ್ತಿ ಹೋಗಿದ್ದಿರಿ.

ಮುಂದಿನ ವರ್ಷ ಕಣ್ಣು ತೆರೆದು ನೋಡಬೇಕು. ಆಗುತ್ತದೋ ಇಲ್ಲವೋ, ಬರೆದು ತಿಳಿಸಿ.

ನಿಮ್ಮ,
ಬುಗುರಿ

*

ಮೇ ೨೬

ಬುಗುರಿ,

ನಿಮ್ಮಮ್ಮ ಕಿವಿಯಲ್ಲಿ ಹೇಳುತ್ತಿದ್ದದ್ದು ಇಷ್ಟೇ: "ಬಂದಳು. ತಿರುಗಿದಳು. ಹೋದಳು." ಅದಕ್ಕಿಂತ ಮುಂಚೆ ಟೈರಿನ ಸದ್ದೇ ನನಗೆ ಹೇಳಿತ್ತು. ಒಳಚಕ್ರ ಜಾರಲಿಲ್ಲ, ಹೊರಚಕ್ರ ಉಜ್ಜಲಿಲ್ಲ. ಫ್ಲಾಸ್ಕಿನ ಚಹಾ ಫ್ಲಾಸ್ಕಿನಲ್ಲೇ ಇತ್ತು. ಬಸ್ಸಿನಲ್ಲಿ ಇಬ್ಬರೂ ಹಂಚಿಕೊಂಡು ಕುಡಿದೆವು.

ಕಣ್ಣಿನ ವಿಷಯ ಕೇಳಿದ್ದೀಯ. ಮೂರು ದಿನ ಯೋಚನೆ ಮಾಡಿದೆ. ಮುಂದಿನ ವರ್ಷ ಒಂದು ಕಣ್ಣು ತೆರೆಯುತ್ತೇನೆ. ಎರಡು ಎಂದು ಬರೆದರೆ ಸುಳ್ಳು ಸಂಖ್ಯೆ ಬರೆದಂತಾಗುತ್ತದೆ.

ಅಪ್ಪ